ಪರದೆಯ ಮೇಲಿನ ಸೇತುವೆ

ಮಡಿವಾಳೆಪ್ಪ ಮಾಸ್ತರ ಹೇಳಿದ್ದರಲ್ಲಿ ಅರ್ಧ ಬಿಡಬೇಕು, ಅರ್ಧ ನಂಬಬೇಕು ಎಂಬುದು ನವಲಗುಂದದ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಇದು ಆ ನಂಬಬೇಕಾದ ಅರ್ಧ. ಸಂಶಯ ಬಂದವರು ಅಬ್ದುಲ್‌ಸಾಬನ ಶಹನಾಜ ಫೋಟೋ ಸ್ಟುಡಿಯೋಕ್ಕೆ ಹೋಗಿ ಅಲ್ಲಿನ ಚಿತ್ರ ಬರೆದ ಪರದೆಯನ್ನು ಮುಟ್ಟಿ ನೋಡಬಹುದು. ಸೇತುವೆ ಅಲ್ಲೇ ಇದೆ. ಬಲಗಡೆ ಎರಡು ಅಂಗಡಿ ಕಡಿಮೆ ಬಿದ್ದಿವೆ, ಯಾಕೆಂದರೆ ಬಟ್ಟೆ ಅಷ್ಟಕ್ಕೇ ಮುಗಿದಿತ್ತು.

ಆ ಬೆಳಿಗ್ಗೆ ಮಡಿವಾಳೆಪ್ಪ ಕನ್ನಡಿಯ ಮುಂದೆ ಅರ್ಧ ಗಡ್ಡ ಕೆರೆದು, ಉಳಿದರ್ಧದ ನೊರೆ ಒಣಗುತ್ತಿದ್ದರೂ ರೇಜರು ಹಿಡಿದ ಕೈ ಎತ್ತದೆ, ಹೊರಗಿನ ಕೆಮ್ಮನ್ನು ಕೇಳಿಸಿಕೊಳ್ಳುತ್ತಿದ್ದ. ಕೆಮ್ಮು ತಿರ್ಲಾಪುರದ ಗೂಳಪ್ಪನದು. ಮೊದಲು ಒಂದು ಉದ್ದ, ಆಮೇಲೆ ಎರಡು ಗಿಡ್ಡ, ಕೊನೆಗೆ ಗಂಟಲೊಳಗೇ ಉಳಿದುಹೋಗುವ ಒಂದು ಗುರ್. ಮಡಿವಾಳೆಪ್ಪ ಬಿ.ಎ. ಆಗಿಯೂ ಬೇಕಾರ ಆಗದೆ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾದದ್ದು ಹೊಟ್ಟೆಪಾಡಿಗೆ. ನಿಜವಾದ ಕಸುಬು ಮಂದಿಯ ಗಂಟಲು. ಹೆಡ್‌ಮಾಸ್ತರರ ಮೂಗು, ಮಾಮಲೇದಾರರ ಆಕಳಿಕೆ, ಧಾರವಾಡ ರೇಡಿಯೋದಲ್ಲಿ ಹತ್ತಿಯ ಧಾರಣೆ ಓದುವವನ ನಿರ್ವಿಕಾರ, ಎಲ್ಲವೂ ಅವನ ನಾಲಿಗೆಯ ಕೆಳಗೆ ಮಡಿಚಿಟ್ಟ ಬಟ್ಟೆಗಳಂತೆ ಇದ್ದವು. ಒಂದನ್ನು ಬಿಚ್ಚಿದರೆ ಸ್ಟಾಫ್‌ರೂಮು ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ನಕ್ಕು ಮುಗಿದ ಮೇಲೆ ಯಾರೂ ಅವನನ್ನು ಚಹಕ್ಕೆ ಕರೆಯುತ್ತಿರಲಿಲ್ಲ, ಅದು ಬೇರೆ ಮಾತು. ಗೂಳಪ್ಪನ ಕೆಮ್ಮನ್ನು ಮಾತ್ರ ಅವನು ಎಂದೂ ಅಭ್ಯಾಸ ಮಾಡಿರಲಿಲ್ಲ. ಮೂರು ವಾರದಿಂದ ಅದು ತಾನೇ ಬಂದು ಅವನ ಗಂಟಲಲ್ಲಿ ಕೂತಿತ್ತು. ಪಾಠದ ನಡುವೆ ಕೆಮ್ಮಿದರೆ ಒಂದು ಉದ್ದ, ಎರಡು ಗಿಡ್ಡ.

“ಆ ಮನಶ್ಯಾ ಹೊತ್ತು ಹೊಂಡೂದಕ್ಕ ಬಂದು ಜಗಲಿ ಮ್ಯಾಲ ಕುಂತಾನ. ಚಾ ಕೊಟ್ರ ಒಲ್ಲೆ ಅಂತಾನ. ಏನ್ ಮಾಡೀರಿ ಅವಂಗ?” ಅಂದಳು ಹೆಂಡತಿ ಶಾರದವ್ವ, ಒಲೆಯ ಮುಂದಿನಿಂದಲೇ.

“ಏನೂ ಮಾಡಿಲ್ಲ.”

“ಮತ್ತ ನನಗ್ಯಾಕ ಆ ಓವರ್ಸಿಯರ್ ದನೀಲೆ ಹೇಳ್ತೀರಿ? ನಿಮ್ಮ ದನೀಲೆ ಹೇಳ್ರಿ.”

ಅವನಿಗೆ ಅದು ಗೊತ್ತಾಗಿರಲೇ ಇಲ್ಲ. ಗಾಬರಿಯಲ್ಲಿ ಉಳಿದರ್ಧ ಗಡ್ಡ ಎಳೆದುಕೊಂಡು ಗದ್ದಕ್ಕೆ ಗೀರು ಮಾಡಿಕೊಂಡ.

ಹೊರಗೆ ಗೂಳಪ್ಪ ಕಂಬಳಿ ಹೊದ್ದು ಕೂತಿದ್ದ. ಐವತ್ತೈದು ದಾಟಿದ ಕುರಿಗಾರ. ಈಗ ನಾಲ್ಕು ಎಕರೆ ಎರೆಹೊಲವೂ ಉಂಟು. ತೊಡೆಯ ಮೇಲೆ ಧೋತರದ ಚುಂಗಿನಲ್ಲಿ ಸುತ್ತಿದ ಒಂದು ಚೌಕಾಕಾರದ ವಸ್ತು. ಮಡಿವಾಳೆಪ್ಪ ಹೊಸ್ತಿಲು ದಾಟಿದಾಗ ಅವನು ಮುಖ ನೋಡಲಿಲ್ಲ, ಕಾಲು ನೋಡಿದ. “ಎಡಗಾಲ ಚಪ್ಪಲಿ ಉಂಗುಟ ಇನ್ನೂ ಕೆಂಪು ದಾರದ ಮ್ಯಾಲ ಐತಲ್ರಿ ಮಾಸ್ತರ. ಗಟ್ಟಿ ಹೊಲಿಸ್ಕೋಬಾರದ?” ಅಂದು ಎದ್ದ. “ನಡೀರಿ. ಓವರ್ಸಿಯರ್ ಸಾಹೇಬ್ರು ಹನ್ನೊಂದಕ್ಕ ಐಬಿ ಬಂಗಲೆಗೆ ಬರ್ತಾರಂತ. ನಮ್ಮೂರ ಹಿರ್ಯಾ ಶಿದ್ಲಿಂಗಪ್ಪ, ಮತ್ತ ನಾಕು ಮಂದಿ ಅಲ್ಲೇ ಬೇವಿನ ಗಿಡದ ಕೆಳಗ ಕುಂತಾರ. ಅರ್ಜಿ ನೀವ ಓದಬೇಕು. ಬರದಾವರು ಓದಿದ್ರ ಅದರ ವಜನನ ಬ್ಯಾರೆ.”

ಓವರ್ಸಿಯರ್ ಬಾಯಿ ತೆರೆಯುವುದರೊಳಗೆ ಹೇಳಿಬಿಡಬೇಕು. ಮಡಿವಾಳೆಪ್ಪನ ತಲೆಯಲ್ಲಿ ಬೆಳಗಿನಿಂದ ಸುತ್ತುತ್ತಿದ್ದದ್ದು ಇದೊಂದೇ. ಅವನು ಬಾಯಿ ತೆರೆದ ಕ್ಷಣವೇ ಗೂಳಪ್ಪನಿಗೆ ತಿಳಿಯುತ್ತದೆ, ಆ ದನಿ ಇದಲ್ಲ ಎಂದು. ಊರ ಹಿರಿಯರ ಎದುರು, ಸರ್ಕಾರದ ಎದುರು, ಸೇತುವೆಯ ಅರ್ಜಿಗೆ ಊರವರ ನಲವತ್ತೊಂದು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ ಮನುಷ್ಯ ಬೆತ್ತಲೆ ನಿಲ್ಲುತ್ತಾನೆ. ಶಾಲೆ ಹನ್ನೊಂದಕ್ಕೆ, ಐಬಿ ಹನ್ನೊಂದಕ್ಕೆ, ಈಗ ಹತ್ತೂಕಾಲು; ದಾರಿ ಕಾಲು ಗಂಟೆಯದು, ಗೂಳಪ್ಪನ ನಡಿಗೆಯಲ್ಲಿ ಅರ್ಧ ಗಂಟೆ. ಹತ್ತಿ ತುಂಬಿದ ಬಂಡಿಗಳು ಜಿನ್ನಿನ ಕಡೆ ಸಾಲುಗಟ್ಟಿದ್ದವು. ರಸ್ತೆಯ ಜಾಲಿಮುಳ್ಳಿಗೆ ಬಿಳಿ ಎಳೆಗಳು ಸಿಕ್ಕಿಕೊಂಡು ಅಲ್ಲಾಡುತ್ತಿದ್ದವು. ಎಷ್ಟೊಂದು ಸಣ್ಣ ಮಾತು. ಕಾಕಾ, ಅವತ್ತು ಪರದೆಯ ಹಿಂದೆ ಇದ್ದವನು ನಾನು. ಐದಾರು ಶಬ್ದ. ಅವನು ಇನ್ನೊಬ್ಬರ ದನಿಯಲ್ಲಿ ಅರ್ಧ ಗಂಟೆ ಭಾಷಣ ಮಾಡಬಲ್ಲ. ಈ ಐದಾರು ಶಬ್ದಕ್ಕೆ ಹೊಂದುವ ದನಿ ಸಿಗುತ್ತಿರಲಿಲ್ಲ. ಹೆಡ್‌ಮಾಸ್ತರರ ಮೂಗಿನಲ್ಲಿ ಹೇಳಿದರೆ ಚೇಷ್ಟೆಯಾಗುತ್ತದೆ, ರೇಡಿಯೋದವನಂತೆ ಹೇಳಿದರೆ ಸುದ್ದಿಯಾಗುತ್ತದೆ.

ಆ ಸಂಗತಿ ನಡೆದದ್ದು ದೀಪಾವಳಿ ಮುಗಿದ ವಾರ, ಮಧ್ಯಾಹ್ನ. ಅವನು ಸ್ಟುಡಿಯೋದ ಒಳಗೆ, ಚಿತ್ರ ಬರೆದ ಪರದೆಯ ಹಿಂದಿನ ಸಂದಿಯಲ್ಲಿ ಸ್ಟೂಲಿನ ಮೇಲೆ ಕೂತು ಚಹ ಕುಡಿಯುತ್ತಿದ್ದ. ಅದು ಅವನ ದಿನದ ಜಾಗ. ಫೋಟೋ ತೆಗೆಸಿಕೊಳ್ಳಲು ಬಂದವರು ಕ್ಯಾಮೆರಾದ ಎದುರು ತಮ್ಮದಲ್ಲದ ಮುಖ ಹಾಕಿಕೊಂಡು ತಮ್ಮದಲ್ಲದ ದನಿಯಲ್ಲಿ ಮಾತಾಡುವುದನ್ನು ಕದ್ದು ಕೇಳುವ ಜಾಗ. ಪರದೆ ಅಬ್ದುಲ್‌ಸಾಬನೇ ಬರೆದದ್ದು. ಮುಂಬಯಿಯಿಂದ ಯಾರೋ ತಂದ ಕ್ಯಾಲೆಂಡರಿನಲ್ಲಿ ಇಟಲಿ ದೇಶದ ವೆನಿಸ್ ಎಂಬ ಊರಿನ ರಿಯಾಲ್ಟೊ ಸೇತುವೆ ಇತ್ತು. ನೀರಿನ ಮೇಲೆ ಒಂದೇ ನೆಗೆತಕ್ಕೆ ಹಾರಿದ ಬಿಳಿ ಕಲ್ಲಿನ ಕಮಾನು, ಅದರ ಬೆನ್ನ ಮೇಲೆ ಸಾಲು ಅಂಗಡಿ, ಕೆಳಗೆ ಸಪೂರ ದೋಣಿ. ಬೀದಿ ಇರಬೇಕಾದಲ್ಲೆಲ್ಲ ನೀರು ಇದ್ದದ್ದರಿಂದ, ಯಾವುದೋ ಊರಿಗೆ ಮಹಾಪೂರ ಬಂದಾಗ ತೆಗೆದ ಚಿತ್ರವೆಂದೇ ಅಬ್ದುಲ್‌ಸಾಬ ತಿಳಿದಿದ್ದ. ಸೇತುವೆ ಬರಿದಾಗಿ ಕಂಡಿತೆಂದು ಅದರ ನೆತ್ತಿಯಲ್ಲಿ ಕೊಡ ಹೊತ್ತ ಒಬ್ಬ ಹೆಣ್ಣುಮಗಳನ್ನು ತಾನಾಗಿ ನಿಲ್ಲಿಸಿದ್ದ. “ನೀರು ಇಷ್ಟ ಇರೂವಾಗ ಅಕಿ ಎಲ್ಲಿಂದ ನೀರು ತರ್ತಾಳೋ ಮಾರಾಯಾ?” ಎಂದು ಕೇಳಿದರೆ, “ಕುಡ್ಯಾಕ ಬ್ಯಾರೆ ಬೇಕಲ್ರಿ ಮಾಸ್ತರ” ಅನ್ನುತ್ತಿದ್ದ.

ಗೂಳಪ್ಪ ಅವತ್ತು ಮಗಳು ರೇಣುಕವ್ವನನ್ನು ಕರೆತಂದಿದ್ದ. ಬಮ್ಮಿಗಟ್ಟಿಯ ಗಂಡನ ಮನೆಗೆ ತಿರುಗಿ ಕಳಿಸುವ ಮೊದಲು ಅವಳ ಒಂದು ಫೋಟೋ ಬೇಕೆಂದು ತಾಯಿ ಫಕೀರವ್ವ ಹಟ ಹಿಡಿದಿದ್ದಳಂತೆ. ಪರದೆಯ ಹಿಂದಿದ್ದವನಿಗೆ ಕಂಡದ್ದು ಬಟ್ಟೆಯ ಮೇಲೆ ಓಡಾಡುವ ಒಂದು ಬೆರಳಿನ ನೆರಳು ಮಾತ್ರ. ಬೆರಳು ಒಂದು ದಂಡೆಯಿಂದ ಹೊರಟು, ಕಮಾನು ಏರಿ, ನಿಧಾನಕ್ಕೆ ಇನ್ನೊಂದು ದಂಡೆಗೆ ಇಳಿಯಿತು. ಮತ್ತೆ ಹಿಂದಕ್ಕೆ. “ಇಷ್ಟು ನೀರು ಬಂದ್ರೂ ಮಂದಿ ಮ್ಯಾಲಿಂದ ಮ್ಯಾಲ ದಾಟಾಕತ್ತಾರಲ್ರಿ ಸಾಬ್ರ. ಇದ್ಯಾವ ಊರ ಹಳ್ಳ? ನಾವು ತಿರ್ಲಾಪುರದಾವರು, ನಮಗಂತೂ ಮಳಿಗಾಲ ಬಂತಂದ್ರ ಊರಿಗೆ ಅಗಳಿ ಹಾಕಿಧಂಗ.” ಅಷ್ಟೇ ಸಾಕಾಯಿತು. ನಾಲಿಗೆಯ ಕೆಳಗಿನ ಬಟ್ಟೆಯೊಂದು ತಾನೇ ಬಿಚ್ಚಿಕೊಂಡಿತು. ಹೊಸದಾಗಿ ಬಂದ ಓವರ್ಸಿಯರನನ್ನು ಅವನು ನೋಡಿರಲಿಲ್ಲ. ಇಂಜಿನಿಯರ್ ಎಂದರೆ ಮೈಸೂರು ಕಡೆಯವರೇ ಎಂಬ ಅಂದಾಜಿನ ಮೇಲೆ ದಪ್ಪ, ತುಪ್ಪ ಹಚ್ಚಿದ ದನಿ ತೆಗೆದು, ಸಾಹೇಬರಂತೆ ನಡುನಡುವೆ ಕೆಮ್ಮುತ್ತ ಹೇಳಿದ. “ಯಾರ್ರೀ ಅದು, ತಿರ್ಲಾಪುರದವರಾ? ನಾನು ಓವರ್ಸಿಯರ್ ಕಣ್ರೀ. ನಿಮ್ಮೂರಿಗೆ ಮಂಜೂರಾಗಿರೋದು ಇದೇ ಸೇತುವೆ. ಮೇಲೆ ನಿಮಗೊಂದು ಅಂಗಡಿನೂ ಇದೆ. ಯೋಚ್ನೆ ಮಾಡ್ಬೇಡಿ, ನೋಡ್ಕೋತೀವಿ.”

 ಆಚೆ ಕಡೆಯಿಂದ ಬಳೆಯ ಸದ್ದು, ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿನಿಂದ ಅಬ್ದುಲ್‌ಸಾಬನ “ಅಲ್ಲಾಡಬ್ಯಾಡವಾ, ಅಲ್ಲಾಡಬ್ಯಾಡ” ಎಂಬ ಕೂಗು. ರೇಣುಕವ್ವನ ಫೋಟೋ ಕೆಟ್ಟಿತು. ಮುಖ ಇರಬೇಕಾದಲ್ಲಿ ಬರೀ ಮಂಜು ಬಂತು. ಗೂಳಪ್ಪ ಮಾತ್ರ ಗಂಭೀರವಾಗಿ, “ಸಾಬ್ರ, ನಂದೊಂದು ತಗೀರಿ. ಸೇತುವಿ ಕಾಣಬೇಕು” ಅಂದಿದ್ದ.

ಚೇಷ್ಟೆ ಅಲ್ಲಿಗೇ ಮುಗಿಯಬೇಕಿತ್ತು. ಎಂಟು ದಿನದ ಮೇಲೆ ಗೂಳಪ್ಪ ಮಾಸ್ತರನ ಮನೆಗೇ ಬಂದ, ನಲವತ್ತೊಂದು ಹೆಬ್ಬೆಟ್ಟು ಒತ್ತಿದ ಖಾಲಿ ಹಾಳೆ ಹಿಡಿದು. ಮೇಲೆ ಜಾಗ ಬಿಟ್ಟು ಕೆಳಗೆ ಒತ್ತಿಸಿದ್ದ, ಮಾತಿಗಿಂತ ಮೊದಲು ಒಪ್ಪಿಗೆ. “ಇದರ ಮ್ಯಾಲ ನೀವು ಬರೀರಿ. ಫೋಟೋ ಹಚ್ಚೂಣು, ಸಾಹೇಬ್ರಿಗೆ ನೆನಪು ಆಗಲಿ.” ಆಗಲೂ ಹೇಳಬಹುದಿತ್ತು. ಬದಲಿಗೆ ಮಡಿವಾಳೆಪ್ಪ ಪೆನ್ನು ತೆಗೆದ, ಯಾಕೆಂದರೆ ಪೆನ್ನಿಗೆ ದನಿ ಬೇಕಿಲ್ಲ. ಎರೆಭೂಮಿಯಲ್ಲಿ ಬುನಾದಿ ನಿಲ್ಲುವುದಿಲ್ಲ ಎಂದು ಹಿಂದಿನವರು ಎರಡು ಸಲ ಅರ್ಜಿ ತಿರುಗಿಸಿದ್ದರು ಎಂದು ಗೂಳಪ್ಪ ಹೇಳಿದಾಗ, ಕಾಲೇಜಿನಲ್ಲಿ ಓದಿದ್ದು ನೆನಪಾಗಿ, ವೆನಿಸ್ಸಿನ ನೆಲವೂ ಬರೀ ಕೆಸರೆಂದೂ, ಆ ಕೆಸರಿಗೆ ಸಾವಿರಗಟ್ಟಲೆ ಮರದ ಗೂಟ ಒತ್ತೊತ್ತಾಗಿ ಹೊಡೆದು ಅದರ ಮೇಲೆ ಕಲ್ಲು ಕೂರಿಸಿದ್ದಾರೆಂದೂ, ಬೀಳುತ್ತದೆ ಬೀಳುತ್ತದೆ ಎಂದವರೆಲ್ಲ ಹೋದರೂ ಸೇತುವೆ ಮುನ್ನೂರ ಎಂಬತ್ತು ವರ್ಷ ನಿಂತಿದೆಯೆಂದೂ ಬರೆದ. ಅವನು ಗೂಳಪ್ಪನಿಗೆ ಹೇಳಿದ್ದರಲ್ಲಿ ಖರೇ ಮಾತು ಅದೊಂದೇ. ಆಮೇಲೆ ಗೂಳಪ್ಪ, “ಇನ್ನೊಂದು ಬರೀರಿ. ಭಾದ್ರಪದದಾಗ ಒಬ್ಬಾಕಿ ಹೆಣ್ಮಗಳು ಬ್ಯಾನಿ ತಿನಕೋತ ಮುಂಜಾನಿಂದ ದೀಪಾ ಹಚ್ಚೂತನಕ ದಂಡಿ ಮ್ಯಾಲ ಬಂಡ್ಯಾಗ ಇದ್ಲು” ಅಂದ.

“ಮುಂದ?”

“ಅಷ್ಟ ಬರೀರಿ. ಮುಂದಿಂದು ಬ್ಯಾಡ.”

“ಯಾರು ಕಾಕಾ ಅಕಿ?”

“ನಮ್ಮ ರೇಣುಕಾ.” ಗೂಳಪ್ಪ ಕಂಬಳಿಯ ಕರೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ನೀರು ಇಳೀಲಿಲ್ರಿ. ಕೂಸು ಉಳೀಲಿಲ್ಲ.”

ಹಾಗಾದರೆ ಫೋಟೋದ ಆ ಮಂಜು ಅಳು. ಪರದೆಯ ಹಿಂದೆ ಕೂತು ತಾನು ಮೀಸೆಯಲ್ಲೇ ನಗುತ್ತಿದ್ದಾಗ ಆಚೆ ಕಡೆ ಒಬ್ಬ ಮಗಳು ಸೇತುವೆಯ ಮುಂದೆ ನಿಂತು ಅತ್ತಿದ್ದಳು.

“ಏನು ಯೋಚನಿ ಮಾಡ್ತೀರಿ ಮಾಸ್ತರ?” ಪಕ್ಕದಲ್ಲಿ ಗೂಳಪ್ಪ ಕೇಳುತ್ತಿದ್ದ. ಅವರು ಮಾಮಲೇದಾರ ಕಚೇರಿ ದಾಟಿದ್ದರು. “ಕಾಕಾ, ನಿಮಗೊಂದು ಮಾತು…” “ಗೂಟ ಎಂಥಾ ಕಟಗೀವು ಅಂತ ಬರದೇವೇನ್ರಿ? ಸಾಹೇಬ್ರು ಕೇಳಿದ್ರ?” “ಕಟಗಿ ಹೆಸರು ಗೊತ್ತಿಲ್ಲ.” “ನಮ್ಮ ಜಾಲಿ ನಡದೀತು. ನೀರಾಗ ಜಾಲಿ ಕೊಳ್ಯಾಂಗಿಲ್ಲ.” ಗೂಳಪ್ಪ ನಾಲ್ಕು ಹೆಜ್ಜೆ ಸುಮ್ಮನೆ ನಡೆದು, “ಆ ಸಾಹೇಬ್ರ ದನಿ ಮಾತ್ರ ಅಗದಿ ಛಂದ ಬಿಡ್ರಿ. ನಡುನಡುವ ಕೆಮ್ಮತಿದ್ರು. ನೀವು ಕೆಮ್ಮಿಧಂಗನ” ಅಂದು ಮುಂದೆ ನೋಡಿದ.

ಮಡಿವಾಳೆಪ್ಪ ರಸ್ತೆಯ ಪಕ್ಕಕ್ಕೆ ಮುಖ ತಿರುಗಿಸಿದ. ಒಂದು ಮನೆಯ ಮುಂದೆ ಹೆಂಗಸೊಬ್ಬಳು ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿದಳು. ತಾನು ಹನ್ನೆರಡು ವರ್ಷದವನಿದ್ದಾಗ, ಅಪ್ಪ ಸತ್ತು ಎರಡು ತಿಂಗಳಾಗಿತ್ತು. ಯಾವ ಹುಕಿಯೋ, ಅಂಗಳದಲ್ಲಿ ನಿಂತು ಅಪ್ಪನ ದನಿಯಲ್ಲಿ, “ಏ ಇಕಿನ, ಕಾಲಿಗೆ ನೀರು ತಾ” ಎಂದು ಕೂಗಿದ್ದ. ಅವ್ವ ಅನ್ನವ್ವ ತಂಬಿಗೆ ಹಿಡಿದು ಓಡಿಬಂದಳು. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡೂ ಬಂದಿದ್ದಳು. ಹೊಸ್ತಿಲಲ್ಲಿ ನಿಂತು ಅವನನ್ನು ನೋಡಿದಳು. ಬಯ್ಯಲಿಲ್ಲ, ಹೊಡೆಯಲಿಲ್ಲ. ತಂದ ನೀರನ್ನು ಮೆಲ್ಲಗೆ ಅವನ ಕಾಲ ಮೇಲೆ ಹೊಯ್ದು ಒಳಗೆ ಹೋದಳು. ಹೊಡೆದಿದ್ದರೆ ಅಂದೇ ಈ ಚಟ ಮುಗಿಯುತ್ತಿತ್ತೇನೋ. ಆ ನೀರು ಇನ್ನೂ ಅವನ ಪಾದದ ಮೇಲೆ ತಣ್ಣಗಿತ್ತು; ಬಗ್ಗಿ ನೋಡಿದರೆ ಕೆಂಪು ದಾರದ ಉಂಗುಟ, ಧೂಳು.

ಐಬಿಯ ಬೇವಿನ ಕೆಳಗೆ ಶಿದ್ಲಿಂಗಪ್ಪ ಎಲೆ ಅಡಿಕೆ ಜಗಿಯುತ್ತ ಕಾಲು ಚಾಚಿದ್ದ. “ಬಂದ್ರಪಾ ಸೇತುವಿ ಮಾಲಕರು! ಗೂಳ್ಯಾ, ಹಳ್ಳದಾಗ ಈಗ ಕಾಗಿ ಕುಡ್ಯಾಕ ನೀರಿಲ್ಲ. ಒಣಾ ಹಳ್ಳಕ್ಕ ಸೇತುವಿ ಕೇಳಿದ್ರ ಸಾಹೇಬ ನಕ್ಕಾನು ಲೇ. ನಾ ಹೆಬ್ಬಟ್ಟು ಒತ್ತಿದ್ದು ನಿನ್ನ ಕಾಟ ತಾಳಲಾರದ, ನೆನಪಿರ್ಲಿ.” “ನಕ್ರ ನಗಲಿ ಬಿಡೋ ಶಿದ್ದಣ್ಣ.” ಉಳಿದ ನಾಲ್ವರು ಕಿಸಕ್ಕೆಂದರು. ಇನ್ನೂ ಒಂದು ದಾರಿ ಇದೆ ಎಂದು ಆಗ ಮಡಿವಾಳೆಪ್ಪನಿಗೆ ಹೊಳೆಯಿತು. ಬಂಗಲೆಯ ಹಿಂಬದಿಗೆ ಹೋಗಿ, ಕಿಟಕಿಯ ಮರೆಯಿಂದ, ಅದೇ ತುಪ್ಪದ ದನಿಯಲ್ಲಿ, ಇವತ್ತು ಆಗಲ್ಲ ಕಣ್ರೀ, ಮುಂದಿನ ವಾರ ಬನ್ನಿ, ಎಂದುಬಿಟ್ಟರೆ? ಎಲ್ಲರೂ ಊರಿಗೆ ಹೋಗುತ್ತಾರೆ, ಮಾನ ಉಳಿಯುತ್ತದೆ. ಯಾರ ಮಾನ? ಕಾಲು ಆಗಲೇ ಎರಡು ಹೆಜ್ಜೆ ಹಿಂಬದಿಗೆ ಎತ್ತಿಟ್ಟಿತ್ತು. ತನ್ನ ಕಾಲಿನ ಮೇಲೆ ತನಗೇ ಹೇಸಿಕೆಯಾಗಿ ತಿರುಗಿ, “ಕಾಕಾ, ಸ್ವಲ್ಪ ಈಕಡೆ ಬರ್ರಿ” ಎಂದು ಕರೆದ. ಜೀಪು ಬಂತು.

ಜವಾನ ಬಾಗಿಲು ತೆರೆದ. ಎಲ್ಲರೂ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಪಡಸಾಲೆಗೆ ಹೋದರು. ಮೇಜಿನ ಹಿಂದೆ ಕೂತದ್ದು ಹೊಸ ಶರ್ಟಿನ, ಸಪೂರ ಕೊರಳಿನ ಒಬ್ಬ ಹುಡುಗಾಟಿಕೆಯ ಮುಖದ ಮನುಷ್ಯ. ಬೆವರು ಒರೆಸಿಕೊಂಡು ಬಾಯಿ ತೆರೆದ.

“ಏನ್ರೆಪಾ, ಎಲ್ಲಿಂದ ಬಂದೀರಿ? ಕುಂದ್ರರಿ ಕುಂದ್ರರಿ, ನಾನೂ ಇಲ್ಲೇ ಕುಂದಗೋಳದಾವ, ಅಂಜಬ್ಯಾಡ್ರಿ.”

ಪೀಪಿಯಂಥ ಸಣ್ಣ ದನಿ. ಅಗದಿ ನಮ್ಮ ಕಡೆಯದು. ಒಂದು ಹನಿ ತುಪ್ಪವಿಲ್ಲ. ಗೂಳಪ್ಪನ ತಲೆ ಮೆಲ್ಲಗೆ ತಿರುಗಿತು. ಅವನು ಓವರ್ಸಿಯರನನ್ನು ನೋಡದೆ, ಕಣ್ಣು ಮಿಟುಕಿಸದೆ, ಮಡಿವಾಳೆಪ್ಪನನ್ನು ನೋಡಿದ.  ಆಯಿತು, ಎಂದುಕೊಂಡ ಮಡಿವಾಳೆಪ್ಪ. ಗೊತ್ತಾಯಿತು. “ಮಾಸ್ತರ ಓದ್ತಾರ್ರಿ” ಅಂದ ಗೂಳಪ್ಪ.

ಅವನು ಓದಿದ.  ಓದಲು ಬಂದ ದನಿ ಯಾರದೆಂದು ಅವನಿಗೆ ಗುರುತಾಗಲಿಲ್ಲ. ತೆಳ್ಳಗೆ, ಅಲ್ಲಲ್ಲಿ ಹರಿದು, ಮೊದಲ ದಿನ ಶಾಲೆಗೆ ಬಂದವರ ದನಿಯಂತೆ. ದಂಡೆಯ ಮೇಲಿನ ಬಂಡಿಯ ಮಾತಿನ ಸಾಲು ಬಂದಾಗ ಅದು ಪೂರಾ ನಿಂತಿತು. ಆ ಸಾಲನ್ನು ಮತ್ತೆ ಮೊದಲಿಂದ ಓದಿ ಮುಗಿಸಿದ. ಓವರ್ಸಿಯರ ತಲೆ ಆಡಿಸುತ್ತ, “ಬಾಜೂಕ ಏನೋ ಹಚ್ಚೀರಲ್ಲ” ಎಂದು ಫೋಟೋ ಬಿಡಿಸಿದ.

ಫೋಟೋದಲ್ಲಿ ಗೂಳಪ್ಪ ರುಮಾಲು ಸುತ್ತಿ, ಕಂಬಳಿ ಹೆಗಲಿಗೆ ಹಾಕಿ, ಕೋಲು ಊರಿ, ಇಟಲಿಯ ಸೇತುವೆಯ ಮುಂದೆ ಅದಕ್ಕೆ ಕಾವಲಿಗಿದ್ದವನಂತೆ ನಿಂತಿದ್ದ. ಅವನ ಮೊಣಕಾಲ ಹತ್ತಿರ ದೋಣಿ. ಕಿವಿಯ ಪಕ್ಕ ಕೊಡ ಹೊತ್ತವಳು. ಓವರ್ಸಿಯರನ ಹೊಟ್ಟೆ ಮೊದಲು ಅಲ್ಲಾಡಿತು, ಆಮೇಲೆ ಬಾಯಿ ಬಿಚ್ಚಿತು. “ಯಜಮಾನ್ರ, ಪರದೇಶಕ್ಕ ಯಾವಾಗ ಹೋಗಿ ಬಂದ್ರಿ?” ಜವಾನ ಬಗ್ಗಿ ನೋಡಿ ಬಾಯಿಗೆ ಟವೆಲು ಒತ್ತಿಕೊಂಡ. ಶಿದ್ಲಿಂಗಪ್ಪ ಕೈ ಬಡಿದು, “ಕುರಿ ಮೇಸ್ಕೋತ ಮೇಸ್ಕೋತ ಹಂಗ ಹೋಗಿಬಿಟ್ಟಿದ್ನರಿ!” ಅಂದ. ಎಲ್ಲರೂ ನಕ್ಕರು. ಘೋರವೆಂದರೆ, ಮಡಿವಾಳೆಪ್ಪನ ಮುಖವೂ ಚಟದಿಂದ ನಗುತ್ತಿತ್ತು. ಅದನ್ನು ಇಳಿಸಲು ನೋಡಿದರೆ ಇಳಿಯುತ್ತಿರಲಿಲ್ಲ. ಗೂಳಪ್ಪ ಒಬ್ಬನೇ ನಗಲಿಲ್ಲ. ನಗು ತಾನಾಗಿ ತೆಳುವಾಗುವ ತನಕ ನಿಂತಿದ್ದು ಹೇಳಿದ:

“ಫೋಟೋ ಬಿಡ್ರಿ ಸಾಹೇಬ್ರ. ಬಟ್ಟಿ ಮ್ಯಾಲ ಬಣ್ಣ ಅದು, ಅಷ್ಟು ನನಗೂ ತಿಳೀತೈತಿ. ರಾಡ್ಯಾಗ ಗೂಟ ಹೊಡದು ಕಲ್ಲು ಕುಂದ್ರಸ್ಯಾರ, ಇನ್ನೂ ನಿಂತೈತಿ ಅಂತ ಬರದೇವಲ್ಲ, ಅದು ಖರೇನೋ ಸುಳ್ಳೋ, ಅದನ್ನಷ್ಟ ಈ ಮಾಸ್ತರನ್ನ ಕೇಳ್ರಿ. ಅವರು ಏನು ಹೇಳ್ತಾರೋ ಅದು.”

ಎಲ್ಲರೂ ಮಡಿವಾಳೆಪ್ಪನ ಕಡೆ ತಿರುಗಿದರು. ಶಿದ್ಲಿಂಗಪ್ಪನ ಮುಖದಲ್ಲಿ ಆಗಲೇ ಇನ್ನೊಂದು ನಗು ಸಿದ್ಧವಾಗಿತ್ತು. ಅರ್ಧ ಬಿಡಬೇಕು, ಅರ್ಧ ನಂಬಬೇಕು. “ಖರೇ ರಿ” ಅಂದ ಮಡಿವಾಳೆಪ್ಪ. ಯಾರೂ ನಗಲಿಲ್ಲ. “ಅದೊಂದು ಖರೇ.”

ಓವರ್ಸಿಯರ ಆ ಸಾಲನ್ನು ತಾನೇ ಇನ್ನೊಮ್ಮೆ ಓದಿದ. ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ. “ಮಂಜೂರ ಮಾಡೂದು ನನ್ನ ಕೈಯಾಗಿಲ್ಲ, ಸುಳ್ಳ್ಯಾಕ ಹೇಳ್ಲಿ. ಮಳಿಗಾಲಕ್ಕ ಮೊದಲ ಹಳ್ಳದ ನೆಲಾ ತೋಡಿ ನೋಡಾಕ ಮಂದಿ ಕಳಸ್ರಿ ಅಂತ ಧಾರವಾಡಕ್ಕ ಬರೀತೀನಿ. ಕಳಿಸ್ಯಾರು, ಬಿಟ್ಟಾರು.” ಅರ್ಜಿಗೆ ಟಾಚಣಿ ಚುಚ್ಚಿದ. ಫೋಟೋವನ್ನು ತೆಗೆದಿಡಲು ಹೋಗಿ, ಏನನ್ನಿಸಿತೋ, ಅದನ್ನೂ ಸೇರಿಸಿಯೇ ಚುಚ್ಚಿದ.

ಹೊರಗೆ ಬಿಸಿಲು ಕಣ್ಣಿಗೆ ಬಡಿಯಿತು. ಶಿದ್ಲಿಂಗಪ್ಪ ಮತ್ತು ನಾಲ್ವರು ಚಪ್ಪಲಿ ಮೆಟ್ಟಿಕೊಂಡು ಬೇವಿನ ಕಡೆ ಹೊರಟರು. ಮಡಿವಾಳೆಪ್ಪ ಮೆಟ್ಟಿಲ ಮೇಲೆ ನಿಂತೇ ಇದ್ದ. ಶಾಲೆಯ ಎರಡನೆಯ ಪಿರಿಯಡ್ ಶುರುವಾಗಿರಬೇಕು. “ಕಾಕಾ” ಅಂದ. ದನಿ ಹುಡುಕುತ್ತ ಕೂರಲಿಲ್ಲ, ಇದ್ದದ್ದರಲ್ಲೇ ಹೇಳಿದ. “ಅವತ್ತ ಪರದೆ ಹಿಂದ…”

ಗೂಳಪ್ಪ ಕೋಲಿನ ತುದಿಯಿಂದ ಕೆಂಪು ದಾರದ ಚಪ್ಪಲಿಯನ್ನು ಅವನ ಕಾಲ ಹತ್ತಿರಕ್ಕೆ ಸರಿಸಿದ.

“ಹಾಕ್ಕೋರಿ, ಓವರ್ಸಿಯರ್ ಸಾಹೇಬ್ರ.”

ಮಡಿವಾಳೆಪ್ಪ ಚಪ್ಪಲಿಯನ್ನೇ ನೋಡಿದ.

“ಪರದೆ ನೆಲಕ್ಕ ಮುಟ್ಟಾಂಗಿಲ್ರಿ, ಒಂದು ಗೇಣು ಮ್ಯಾಲ ನಿಂದ್ರತೈತಿ. ಮೊದಲ ನೋಡಿದಾಕಿ ರೇಣುಕಾ. ಸೇತುವಿ ಕೆಳಗ ಒಂದು ಕೆಂಪು ದಾರದ ಚಪ್ಪಲಿ, ಮ್ಯಾಲಿಂದ ಸರ್ಕಾರ ಮಾತಾಡಾಕತ್ತೈತಿ. ನನಗ ತಿವದು ತೋರಿಸಿದ್ಲು. ಯಾರ ಚಪ್ಪಲಿ ಅಂತ ಆಮ್ಯಾಲ ಸಾಬ್ರನ್ನ ಕೇಳಿದ್ನಿ. ಎರಡು ತಿಂಗಳಾಗಿತ್ತು ಅಕಿ ನಕ್ಕು. ತಡೀಲಾರದ ಅಲ್ಲಾಡಿಬಿಟ್ಲು, ಫೋಟೋ ಕೆಟ್ಟು ಹೋತು. ಅದನ್ನ ಅವರವ್ವ ಹಂಗ ಕಟ್ಟು ಹಾಕಿಸಿ ಇಟಗೊಂಡಾಳ.”

“ಗೊತ್ತಿದ್ದೂ ಮತ್ತ ಯಾಕ ಕಾಕಾ… ಇಷ್ಟು ಮಂದಿ, ಹೆಬ್ಬಟ್ಟು, ಅರ್ಜಿ…”

“ನೀವು ಎಷ್ಟು ಛಂದ ಹೇಳಿದ್ರಿ!” ಗೂಳಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. “ನಮ್ಮೂರಿಗೆ ಸೇತುವಿ ಮಂಜೂರಾಗೇತಿ ಅಂತ ಇಷ್ಟು ವರ್ಷದಾಗ ಯಾರೂ ಸುಳ್ಳರೆ ಹೇಳಿರಲಿಲ್ರಿ. ಮತ್ತ ಅಂಥಾ ಸುಳ್ಳು ಹೇಳಿದಾವರು, ನಾ ಹಿಂಗ ಬಂದ್ರ ಅರ್ಜಿ ಬರ್ಯಾಕ ಒಲ್ಲೆ ಅನ್ನಾಂಗಿಲ್ಲ ಅನ್ನೂದೂ ಗೊತ್ತಿತ್ತು.”

ಅವನು ಎದೆ ಮುಂದೆ ಮಾಡಿ, ಗದ್ದ ಕುತ್ತಿಗೆಗೆ ಒತ್ತಿ, ಬೇವಿನ ಕೆಳಗಿದ್ದವರಿಗೂ ಕೇಳುವಂತೆ, “ಯೋಚ್ನೆ ಮಾಡ್ಬೇಡ್ರೀ, ನೋಡ್ಕೋತೀವಿ ಕಣ್ರೀ!” ಅಂದ. ಮೈಸೂರೂ ಅಲ್ಲದ ತಿರ್ಲಾಪುರವೂ ಅಲ್ಲದ ಆ ಕೆಟ್ಟ ಅನುಕರಣೆಗೆ ಶಿದ್ಲಿಂಗಪ್ಪ ಏನೂ ತಿಳಿಯದೆಯೇ ನಕ್ಕ, ನಾಲ್ವರೂ ನಕ್ಕರು, ಒಳಗಿನಿಂದ ಜವಾನ ನಕ್ಕ. ಮಡಿವಾಳೆಪ್ಪನೂ ಬಾಯಿ ತೆರೆದ. ಅದರಿಂದ ಬಂದದ್ದು ಗೂಳಪ್ಪನದೇ ಕೆಮ್ಮು, ಒಂದು ಉದ್ದ, ಎರಡು ಗಿಡ್ಡ, ಆಮೇಲೆ ಗಂಟಲೊಳಗೇ ಉಳಿದುಹೋದ ಒಂದು ಗುರ್. ಅದನ್ನು ಕೇಳಿದ್ದೇ ಗೂಳಪ್ಪ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು, ರುಮಾಲು ಜಾರಿದ್ದೂ ಗೊತ್ತಾಗದೆ, ಕೋಲನ್ನು ನೆಲಕ್ಕೆ ಬಡಿಬಡಿದು, ಕಣ್ಣಲ್ಲಿ ನೀರು ಬರುವಂತೆ, ಎಲ್ಲರಿಗಿಂತ ಜೋರಾಗಿ ನಗತೊಡಗಿದ. ಉಳಿದವರೆಲ್ಲ ನಕ್ಕು ಮುಗಿಸಿ ಮುಖ ಮುಖ ನೋಡಿಕೊಂಡರೂ ಅವನು ನಗುತ್ತಲೇ ಇದ್ದ.